ಅವಸರ ಇಲ್ಲ ಎಂದವಳು

ಸುಜಾತಾ ಅವರೇ, ನಿಮ್ಮ ತಂದೆಯ ನಾಲಿಗೆಯಿಂದ ಆ ದಿನ ನಾನು ಎರಡು ತುಣುಕು ತೆಗೆದೆ. ಒಳ್ಳೆಯದನ್ನು ನನ್ನ ಸಂಶೋಧನೆಗೆ ಇಟ್ಟುಕೊಂಡೆ. ಕೆಲಸಕ್ಕೆ ಬಾರದ್ದನ್ನು ಅವರ ಪರೀಕ್ಷೆಗೆ ಕಳಿಸಿದೆ. ವರದಿಯಲ್ಲಿ ಏನೂ ಕಾಣದೆ ಹೋದದ್ದು ಅದಕ್ಕೆ. ಅವರು ನಾಲ್ಕು ತಿಂಗಳು ತಡವಾಗಿ ಬಂದದ್ದೂ ನನ್ನಿಂದಲೇ — ನೀವು ಇಷ್ಟು ವರ್ಷ ಅಂದುಕೊಂಡ ಹಾಗೆ ನಿಮ್ಮ ಉದಾಸೀನದಿಂದ ಅಲ್ಲ.

ಇಷ್ಟನ್ನು ಬರೆಯುವುದಕ್ಕೆ ನನಗೆ ಏಳು ವರ್ಷ ಬೇಕಾಯಿತು. ಬಾಯಲ್ಲಿ ಹೇಳಿದ್ದರೆ ಒಂದು ನಿಮಿಷದ ಕೆಲಸ. ಎಷ್ಟು ಸಲ ನೀವು ನನ್ನ ಎದುರಿಗೇ ನಿಂತಿದ್ದಿರಿ — ವಾರ್ಡಿನಲ್ಲಿ, ಆಪರೇಷನ್ ಥಿಯೇಟರಿನ ಹೊರಗಿನ ಬೆಂಚಿನ ಹತ್ತಿರ, ಕಳೆದ ತಿಂಗಳು ಗಾಂಧಿ ಬಜಾರಿನಲ್ಲಿ. ಪ್ರತಿ ಸಲವೂ ಬಾಯಿ ತೆರೆದೆ, ಬೇರೇನೋ ಹೇಳಿದೆ. ನನಗೆ ಮಾತಿಗೇನೂ ಕೊರತೆಯಿಲ್ಲ, ಅದು ನಿಮಗೂ ಗೊತ್ತು. ಸಣ್ಣದಕ್ಕೆಲ್ಲ ಸಿಡುಕುವವಳು, ಒಂದು ಫೈಲು ಸಿಗದಿದ್ದರೆ ಇಡೀ ವಿಭಾಗಕ್ಕೆ ಕೇಳುವ ಹಾಗೆ ಕೂಗಾಡುವವಳು. ಈ ಒಂದು ವಿಷಯದಲ್ಲಿ ಮಾತ್ರ ನನ್ನ ಬಾಯಿಗೆ ಬೀಗ. ಅದು ಹೆದರಿಕೆ. ಬೇರೆ ಹೆಸರು ಕೊಡುವುದಿಲ್ಲ.

ನಾನಾಗ ಏನು ಮಾಡಿಕೊಂಡಿದ್ದೆ ಎಂಬುದನ್ನು ನಿಮಗೆ ಯಾರೂ ಸರಿಯಾಗಿ ಹೇಳಿರಲಾರರು. ನಿಮ್ಮ ಕಣ್ಣಿಗೆ ಕಂಡದ್ದು ಬಿಳಿ ಕೋಟು ಹಾಕಿದ ಒಬ್ಬಳು ಡಾಕ್ಟರು, ಅಷ್ಟೇ. ನಾನು ಓದುತ್ತಿದ್ದದ್ದು ಒಂದು ಜಂಟಿ ತರಬೇತಿಯಲ್ಲಿ — ಎಂ.ಬಿ.ಬಿ.ಎಸ್. ಆದ ಮೇಲಿನ ವೈದ್ಯಕೀಯ ಓದು ಮತ್ತು ಕ್ಯಾನ್ಸರ್ ಸಂಶೋಧನೆಯ ಪಿಎಚ್.ಡಿ., ಎರಡೂ ಒಟ್ಟಿಗೆ. ಬೆಳಿಗ್ಗೆ ಚಾಮರಾಜಪೇಟೆಯ ಆಸ್ಪತ್ರೆಯಲ್ಲಿ ಬಾಯಿ, ಗಂಟಲಿನ ರೋಗಿಗಳನ್ನು ನೋಡಬೇಕು. ಮಧ್ಯಾಹ್ನ ಮಲ್ಲೇಶ್ವರದ ಪ್ರಯೋಗಾಲಯಕ್ಕೆ ಓಡಿ, ಅದೇ ರೋಗಿಗಳ ಗಡ್ಡೆಯಿಂದ ತಂದ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಬೇಕು, ಯಾವ ಔಷಧಿಗೆ ಅವು ಸಾಯುತ್ತವೆ ಎಂದು ನೋಡಬೇಕು. ಆರು ತಿಂಗಳು ಆಸ್ಪತ್ರೆಯ ಪಾಳಿ ಹೆಚ್ಚು, ಮುಂದಿನ ಆರು ತಿಂಗಳು ಪ್ರಯೋಗಾಲಯವೇ ಹೆಚ್ಚು. ರೋಗಿಯ ಮುಖ ನೋಡಿದವರೇ ರೋಗದ ಮೂಲವನ್ನೂ ಹುಡುಕಬೇಕು ಎನ್ನುವುದು ಅದರ ಹಿಂದಿನ ಆಸೆ. ನಾನದನ್ನು ನಂಬಿಕೊಂಡೇ ಸೇರಿದ್ದೆ. ಈಗಲೂ ನಂಬುತ್ತೇನೆ — ನಿಮ್ಮ ಎದುರಿಗೆ ಹಾಗೆ ಹೇಳಲು ನಾಚಿಕೆಯಾಗುತ್ತದೆ.

ಎರಡು ಕೆಲಸವೂ ಒಬ್ಬರ ಕೈಗೇ ಬಂದರೆ ಏನಾಗಬಹುದು ಎಂಬುದು ಹಿರಿಯರಿಗೆ ಗೊತ್ತಿತ್ತು. ಅದಕ್ಕೇ ಒಂದು ನಿಯಮ ಮಾಡಿದ್ದರು. ತುಣುಕು ಯಾರ ಸಂಶೋಧನೆಗೆ ಬೇಕೋ ಅವರು ಅದನ್ನು ತೆಗೆಯಕೂಡದು, ಜೊತೆಯವರು ತೆಗೆಯಬೇಕು. ಮೊದಲ ತುಣುಕು, ಹುಣ್ಣಿನ ಬೆಳೆಯುವ ಅಂಚಿನದು, ರೋಗಿಯ ಪರೀಕ್ಷೆಗೆ. ಅದು ತುಣುಕು ಕೆಡದ ಹಾಗೆ ಕಾಯುವ ಫಾರ್ಮಲಿನ್ ಬಾಟಲಿಗೆ ಬಿದ್ದು, ಮುಚ್ಚಳ ಹಾಕಿ, ಹೆಸರು ಬರೆದ ಮೇಲೆ, ಇನ್ನೂ ಏನಾದರೂ ಉಳಿದಿದ್ದರೆ ಸಂಶೋಧನೆಗೆ. ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ನಾನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದೆ.

ನಿಮ್ಮ ತಂದೆ ಬಂದದ್ದು ಒಂದು ಮಂಗಳವಾರ. ನಂಜುಂಡಪ್ಪ, ಚಿಕ್ಕಪೇಟೆಯ ರೇಷ್ಮೆ ಸೀರೆ ಅಂಗಡಿಯಲ್ಲಿ ಕೆಲಸ ಎಂದು ಚೀಟಿಯಲ್ಲಿತ್ತು. ನಾಲಿಗೆಯ ಬಲ ಅಂಚಿನಲ್ಲಿ ವಾಸಿಯಾಗದ ಹುಣ್ಣು. ಕುರ್ಚಿಯಲ್ಲಿ ಕೂತವರು ಬಾಯಿ ತೆರೆಯುವ ಮೊದಲು ಮಾತು ತೆರೆದರು. ಹೊಗೆಸೊಪ್ಪು ಬಿಟ್ಟು ಎರಡು ತಿಂಗಳಾಯಿತು ಎಂದರು. ಎರಡು ವಾರವೂ ಆಗಿರಲಿಲ್ಲ, ಹಲ್ಲು ಹೇಳುತ್ತಿತ್ತು. ನಾನು ಗದರಿಸಿದೆ. ಅವರಿಗೆ ಒಂದಿಷ್ಟೂ ಬೇಜಾರಿಲ್ಲ.

"ಬಯ್ರಿ ಡಾಕ್ಟ್ರಮ್ಮ, ಬಯ್ಸಿಕೊಂಡೇ ಬೆಳ್ದೋರು ನಾವು. ಆದ್ರೆ ಒಂದ್ ಮಾತು. ನಿಮ್ ಮೈಬಣ್ಣಕ್ಕೆ ಈ ಬೂದಿ ಬಣ್ಣ ಒಪ್ಪಲ್ಲ. ರಾಮಾ ಗ್ರೀನ್ ಉಡಿ, ಮೆರೂನ್ ಬಾರ್ಡರ್ರು. ಅಂಗಡೀಗ್ ಬನ್ನಿ, ನಾನೇ ತೋರಿಸ್ತೀನಿ."

ಅಷ್ಟು ಹೊತ್ತಿನಿಂದ ಮುಖ ಗಂಟಿಕ್ಕಿಕೊಂಡಿದ್ದ ನರ್ಸು ಕೂಡ ನಕ್ಕಳು. ನಾನು ಒಪ್ಪಿಗೆ ಪತ್ರ ಕೊಟ್ಟೆ. ಪರೀಕ್ಷೆಗೆ ಬೇಕಾದಷ್ಟು ತೆಗೆದುಕೊಂಡ ಮೇಲೆ ಉಳಿದದ್ದನ್ನು ಸಂಶೋಧನೆಗೆ ಬಳಸಬಹುದು ಎಂದು ಅದರಲ್ಲಿ ಕನ್ನಡದಲ್ಲೇ ಇತ್ತು. ಹೆಚ್ಚಿನವರು ಓದದೆ ಸಹಿ ಹಾಕುತ್ತಾರೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು.

"ಉಳಿದಿದ್ದು ತಾನೆ ನಿಮ್ಗೆ? ನಮ್ ಅಂಗಡೀಲೂ ಹಂಗೇನೇ. ಕಸ್ಟಮರ್‌ಗೆ ಮೊದ್ಲು, ಆಮೇಲೆ ತುಂಡು ಬಟ್ಟೆ ಏನಾದ್ರೂ ಇದ್ರೆ ಕೆಲಸದೋರಿಗೆ. ತಗೊಳಿ ತಗೊಳಿ."

ಆ ದಿನ ನನ್ನ ಜೊತೆಯವಳು ರಜೆ ಹಾಕಿ ಯಾರದ್ದೋ ಮದುವೆಗೆ ಹೋಗಿದ್ದಳು. ಕಾಯಬಹುದಿತ್ತು. ಪಕ್ಕದ ಕೋಣೆಯಿಂದ ಯಾರನ್ನಾದರೂ ಕರೆಯಬಹುದಿತ್ತು. ಕರೆಯಲಿಲ್ಲ, ನಾನೇ ತೆಗೆದೆ. ಮೊದಲನೆಯದು ಅಂಚಿನಿಂದ ಬಂತು, ಗಟ್ಟಿಯಾಗಿ, ಬೆಳ್ಳಗೆ, ನೋಡುತ್ತಿದ್ದ ಹಾಗೇ ಇದು ಬೆಳೆಯುತ್ತದೆ ಅನ್ನಿಸುವಂಥದ್ದು. ಎರಡನೆಯದಕ್ಕೆ ಕೈ ಹಾಕಿದಾಗ ಅವರು ನೋವಿಗೆ ತಲೆ ಸರಿಸಿದರು. ಹುಣ್ಣಿನ ಮೇಲಿನ ಸತ್ತ ಪದರ ಮಾತ್ರ ಕಿತ್ತು ಬಂತು. ರಕ್ತ ಬರುತ್ತಿತ್ತು, ನರ್ಸು ಹತ್ತಿಯುಂಡೆ ಒತ್ತಿ ಹಿಡಿದಳು. ನನ್ನ ಮುಂದೆ ಎರಡು ಬಾಟಲಿ. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಸಂಶೋಧನೆಗಾಗಿ ಕೋಶಗಳನ್ನು ಬದುಕಿಸಿಡುವ ಗುಲಾಬಿ ಬಣ್ಣದ ನೀರು.

ಮೊದಲನೆಯದನ್ನು ಗುಲಾಬಿ ನೀರಿಗೆ ಹಾಕಿದೆ.

ಕೈ ತಪ್ಪಿತು ಎಂದು ಬರೆಯಬಹುದು, ಯಾರೂ ಪರೀಕ್ಷಿಸಲಾರರು. ತಪ್ಪಲಿಲ್ಲ. ನೋಡಿಕೊಂಡು ಹಾಕಿದೆ. ಅದಕ್ಕೂ ಮೊದಲು ಹನ್ನೊಂದು ರೋಗಿಗಳ ತುಣುಕು ತಂದು ಹಾಕಿದ್ದೆ. ಕೆಲವು ಸತ್ತವು, ಕೆಲವಕ್ಕೆ ಬೂಷ್ಟು ಹಿಡಿಯಿತು. ಮೂರು ವಾರದಲ್ಲಿ ಪರಿಶೀಲನಾ ಸಮಿತಿ ಕೂರಲಿತ್ತು. ನನ್ನ ಮಾರ್ಗದರ್ಶಕರು ಹೇಳಿಬಿಟ್ಟಿದ್ದರು: "ಒಂದಾದ್ರೂ ಬದುಕಿರೋದು ತೋರಿಸಮ್ಮ. ಇಲ್ಲಾಂದ್ರೆ ವಿಷಯಾನೇ ಬದಲಾಯಿಸ್ಬೇಕಾಗತ್ತೆ." ವಿಷಯ ಬದಲಾದರೆ ಮೂರು ವರ್ಷದ ದುಡಿಮೆ ನೀರಿಗೆ. ಪರೀಕ್ಷೆಗೆ ಆ ಸತ್ತ ಪದರದಲ್ಲೇ ಏನಾದರೂ ಸಿಕ್ಕೀತು ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೊಂದು ತುಣುಕು ತೆಗೆಯಲು ಎರಡು ನಿಮಿಷ ಸಾಕಿತ್ತು. ಹೊರಗೆ ನಲವತ್ತು ಜನ ಕಾಯುತ್ತಿದ್ದರು, ನಿಮ್ಮ ತಂದೆಗೆ ನೋವಾಗುತ್ತಿತ್ತು, ರಕ್ತ — ಕಾರಣಗಳಿಗೇನು, ಕೇಳಿದಷ್ಟು ಸಿಗುತ್ತವೆ.

ಇನ್ನೊಂದು ಕಾರಣವೂ ನನ್ನ ಹತ್ತಿರ ಬಹಳ ವರ್ಷ ಇತ್ತು. ನಮ್ಮ ತಾತ ಬಿನ್ನಿಪೇಟೆಯ ಮಿಲ್ಲಿನಲ್ಲಿ ಮಗ್ಗದ ಮುಂದೆ ನಿಂತವರು. ಅಪ್ಪ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿದವರು. ನಾನು ಕಾಲೇಜಿಗೆ ಹೋದಾಗ, ಇವಳಿಗೆ ಸೀಟು ಹೇಗೆ ಬಂತು ಗೊತ್ತಲ್ಲ, ಎಂದು ನನಗೆ ಕೇಳುವ ಹಾಗೇ ಆಡಿಕೊಂಡವರಿದ್ದರು. ನಾನು ಸೋತರೆ ಅವರ ಮಾತು ನಿಜವಾಗುತ್ತದೆ, ಸೋಲುವ ಹಾಗಿಲ್ಲ — ಹೀಗೆಂದು ಆ ಕೋಪವನ್ನು ಎಷ್ಟೋ ದಿನ ಗುರಾಣಿಯ ಹಾಗೆ ಹಿಡಿದುಕೊಂಡಿದ್ದೆ. ಆದರೆ ಹಾಗೆ ಆಡಿಕೊಂಡವರಲ್ಲಿ ಒಬ್ಬರೂ ಆ ಮಂಗಳವಾರ ಆ ಕೋಣೆಯಲ್ಲಿರಲಿಲ್ಲ. ಇದ್ದದ್ದು ನಾನು ಮತ್ತು ನನ್ನನ್ನು ನಂಬಿ ಬಾಯಿ ತೆರೆದು ಕೂತ ನಿಮ್ಮ ತಂದೆ.

ಮಧ್ಯಾಹ್ನ ಐಸು ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮಾರ್ಕೆಟ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿದೆ. ಮುಂದಿನ ನಿಲ್ದಾಣ ಚಿಕ್ಕಪೇಟೆ. ಬಾಗಿಲು ತೆರೆದು ಗಂಟುಮೂಟೆಯ ಜನ ನುಗ್ಗಿದರು. ತಲೆಯ ಮೇಲೆಲ್ಲೋ ಅವರ ಅಂಗಡಿ. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಹಿಂದಿರುಗಿ ಹೋಗಿ, ಮಾತಾಡಲಾಗದೆ ಕೈಸನ್ನೆಯಲ್ಲೇ ಸೀರೆ ತೋರಿಸುತ್ತಿರಬಹುದು ಎಂದುಕೊಂಡು ನನಗೆ ನಗು ಬಂದಿತ್ತು. ಹೌದು, ಆ ದಿನ ನಗು ಬಂದಿತ್ತು.

ಮರುವಾರ ಬುಧವಾರ ಸೂಕ್ಷ್ಮದರ್ಶಕದ ಕೆಳಗೆ ತಟ್ಟೆ ಇಟ್ಟು ನೋಡಿದೆ. ಸಾಮಾನ್ಯ ಕೋಶಗಳು ಪಕ್ಕದವರಿಗೆ ತಗುಲಿದೊಡನೆ ನಿಂತುಬಿಡುತ್ತವೆ. ಇವು ನಿಂತಿರಲಿಲ್ಲ. ಬಸ್ಸಿನ ಬಾಗಿಲಲ್ಲಿ ಜನ ನುಗ್ಗುವ ಹಾಗೆ ಒಂದರ ಮೇಲೊಂದು ಹತ್ತಿ ಬೆಳೆದಿದ್ದವು. ಹನ್ನೊಂದು ಸೋಲಿನ ನಂತರ ಮೊದಲ ಸಲ. ಖುಷಿಗೆ ಕಣ್ಣಲ್ಲಿ ನೀರು ಬಂತು, ಅಪ್ಪನಿಗೆ ಫೋನು ಮಾಡಿದೆ. ಫೋನು ಇಟ್ಟು ಮತ್ತೊಮ್ಮೆ ತಟ್ಟೆ ನೋಡಿದೆ. ಇದು ಕ್ಯಾನ್ಸರು. ಅದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ. ಅಂದರೆ ನಂಜುಂಡಪ್ಪನವರಿಗೆ —

ಶುಕ್ರವಾರ ಆಸ್ಪತ್ರೆಯ ವರದಿ ಬಂತು. ಕಳಿಸಿದ ಭಾಗದಲ್ಲಿ ಕ್ಯಾನ್ಸರ್ ಕೋಶ ಕಾಣುತ್ತಿಲ್ಲ, ಬಹುಪಾಲು ಸತ್ತ ಅಂಗಾಂಶ, ಪರೀಕ್ಷೆಗೆ ಸಾಲದು, ಮತ್ತೊಮ್ಮೆ ತೆಗೆದು ಕಳಿಸಿ. ಓದುತ್ತಿದ್ದ ಹಾಗೇ ನಿಮ್ಮ ತಂದೆ ಒಳಗೆ ಬಂದರು. ಒಬ್ಬರೇ. ಅಂಗಡಿಗೆ ಹೋಗುವ ದಾರಿಯಲ್ಲಿ ಬಂದದ್ದು ಎಂದರು. ಒಂದು ಕಡೆ ಆ ಕಾಗದ ಏನೂ ಇಲ್ಲ ಎನ್ನುತ್ತಿದೆ, ಇನ್ನೊಂದು ಕಡೆ ಮಲ್ಲೇಶ್ವರದಲ್ಲಿ ನನ್ನ ತಟ್ಟೆ ತುಂಬಿಹೋಗುತ್ತಿದೆ, ನಡುವೆ ಅವರು ನನ್ನ ಮುಖವನ್ನೇ ನೋಡುತ್ತಿದ್ದಾರೆ.

ಅಲ್ಲೇ, ಅದೇ ಕುರ್ಚಿಯಲ್ಲಿ ಕೂರಿಸಿ ಮತ್ತೆ ತುಣುಕು ತೆಗೆಯಬೇಕಿತ್ತು. ಆದರೆ ಅದಕ್ಕೆ ಹಿರಿಯ ವೈದ್ಯರ ಸಹಿ ಬೇಕು. ಹತ್ತು ದಿನದಲ್ಲಿ ಎರಡನೇ ಸಲ ಯಾಕೆ ಎಂದು ಅವರು ಕೇಳುತ್ತಾರೆ. ಮೊದಲನೆಯದನ್ನು ತೆಗೆದವರು ಯಾರು, ಸಂಶೋಧನೆಗೆ ಏನು ಹೋಯಿತು — ಒಂದು ಎಳೆ ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಸಮಿತಿಗೆ ಇನ್ನು ಹನ್ನೊಂದು ದಿನ. ಅದೊಂದು ಮುಗಿದುಬಿಡಲಿ.

"ರಿಪೋರ್ಟಲ್ಲಿ ಕ್ಯಾನ್ಸರ್ ಅಂತ ಬಂದಿಲ್ಲ. ಪೀಸ್ ಸ್ವಲ್ಪ ಸಾಲ್ದೇ ಹೋಗಿದೆ, ಇನ್ನೊಂದ್ಸಲ ತೆಗೀಬೇಕಾಗತ್ತೆ," ಎಂದೆ.

ಅವರು ಎರಡನೆಯ ವಾಕ್ಯ ಕೇಳಿಸಿಕೊಳ್ಳಲೇ ಇಲ್ಲ. ಕೈಮುಗಿದರು. "ಏನಿಲ್ಲ ಅಂದ್ಮೇಲೆ ಮತ್ಯಾಕೆ ಡಾಕ್ಟ್ರಮ್ಮ ಕತ್ರಿ? ಈಗ ಮದ್ವೆ ಸೀಸನ್ನು, ಯಜಮಾನ್ರು ರಜ ಕೊಡಲ್ಲ. ಸ್ವಲ್ಪ ದಿನ ಬಿಟ್ಟು ಬಂದ್ರೆ ಆಗಲ್ವಾ?"

"ಆಗ್ಲಿ. ಅವಸರ ಏನಿಲ್ಲ," ಎಂದೆ.

ಹಾಗೆಂದು, ಅವರ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದೆ — ಎರಡು ವಾರದೊಳಗೆ ಮತ್ತೆ ಪರೀಕ್ಷೆ ಆಗಲೇಬೇಕು. ಕೆಳಗೆ ಗೆರೆ ಎಳೆದೆ. ಬಾಯಿಂದ ಬಂದದ್ದು ಒಂದು, ಕೈಯಿಂದ ಬರೆದದ್ದು ಇನ್ನೊಂದು. ಬರೆದದ್ದು ನನ್ನ ರಕ್ಷಣೆಗೆ. ನಾಳೆ ಯಾರಾದರೂ ಕೇಳಿದರೆ ತೋರಿಸುವುದಕ್ಕೆ. ಚೀಟಿಯನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡು ಅವರು ಹೊರಟರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

ಸಮಿತಿ ಕೂತಿತು. ನನ್ನ ಚಿತ್ರಗಳನ್ನು ನೋಡಿ ಮೆಚ್ಚಿಕೊಂಡರು. ಮಾದರಿಗೆ ಹೆಸರಿಲ್ಲ, ಬರಿಯ ಸಂಖ್ಯೆ. ನಿಯಮದ ಪ್ರಕಾರ ಅದು ಯಾರದು ಎಂದು ಪ್ರಯೋಗಾಲಯಕ್ಕೆ ಗೊತ್ತಿರಬಾರದು. ಸಂಶೋಧನೆಯಲ್ಲಿ ಕಂಡದ್ದನ್ನು ರೋಗಿಗೆ ರೋಗನಿರ್ಣಯವೆಂದು ಹೇಳಕೂಡದು ಎಂಬುದೂ ನಿಯಮ. ರೋಗಿಯ ಒಳ್ಳೆಯದಕ್ಕಾಗಿ ಮಾಡಿದ ಆ ನಿಯಮದ ಹಿಂದೆ ನಾನು ಅಡಗಿ ಕೂತೆ. ಸಮಿತಿ ಮುಗಿದೊಡನೆ ಕರೆಯುತ್ತೇನೆ ಅಂದುಕೊಂಡಿದ್ದೆನಲ್ಲ — ಮುಗಿದು ಒಂದು ವಾರವಾಯಿತು, ಮೂರು ವಾರವಾಯಿತು. ಈಗ ಕರೆದರೆ ಇಷ್ಟು ದಿನ ಯಾಕೆ ಕರೆಯಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಒಂದೊಂದು ದಿನ ಕಳೆದ ಹಾಗೂ ಮರುದಿನ ಕರೆಯುವುದು ಹೆಚ್ಚು ಕಷ್ಟವಾಗುತ್ತಾ ಹೋಯಿತು.

ಒಮ್ಮೆ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ನಿಂತು ಅವರ ನಂಬರು ಒತ್ತಿದೆ. ಎರಡು ಸಲ ರಿಂಗಾಯಿತು. "ಹಲೋ, ಯಾರು?" ಎಂದರು, ಹಿಂದೆ ಅಂಗಡಿಯ ಗಲಾಟೆ. ನಾನು ಕಟ್ ಮಾಡಿದೆ. ಅವರು ತಿರುಗಿ ಮಾಡಿದರು. ನಾನು ತೆಗೆಯಲಿಲ್ಲ. ಮುಂದಿನ ತಿಂಗಳಿಂದ ನನ್ನ ಪಾಳಿ ಪ್ರಯೋಗಾಲಯಕ್ಕೆ ಬದಲಾಯಿತು. ಇನ್ನು ಆ ರೋಗಿಗಳು ನನ್ನವರಲ್ಲ, ಈಗ ನಾನು ಡಾಕ್ಟರಲ್ಲ, ಸಂಶೋಧಕಿ, ಅಂದುಕೊಂಡೆ. ಎರಡು ಕೆಲಸ ಇರುವವರಿಗೆ ಈ ಒಂದು ಅನುಕೂಲ. ಒಂದರಿಂದ ತಪ್ಪಿಸಿಕೊಂಡು ಇನ್ನೊಂದರೊಳಗೆ ಹೋಗಬಹುದು.

ನಾಲ್ಕು ತಿಂಗಳಾದ ಮೇಲೆ ನೀವು ಅವರನ್ನು ಕರೆತಂದಿರಿ. ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿರಲಿಲ್ಲ, ಕುತ್ತಿಗೆಯಲ್ಲಿ ಗಂಟು. ಅವರು ನನ್ನನ್ನೇ ಕೇಳಿದರಂತೆ, ಅದಕ್ಕೇ ನನಗೆ ಫೋನು ಬಂತು. ಮಲ್ಲೇಶ್ವರದಿಂದ ಹೇಗೆ ಬಂದೆನೋ ನೆನಪಿಲ್ಲ. ನೀವು ಬಾಗಿಲ ಹತ್ತಿರ ನಿಂತಿದ್ದಿರಿ, ಶಾಲೆಯಿಂದ ನೇರವಾಗಿ ಬಂದಿದ್ದಿರಿ, ಬ್ಯಾಗಿನಲ್ಲಿ ಮಕ್ಕಳ ಉತ್ತರಪತ್ರಿಕೆ. ನಾನು ಅವರ ಕುತ್ತಿಗೆ ಮುಟ್ಟಿ ನೋಡಿದೆ. ಆಗ ನನ್ನ ಬಾಯಿಂದ ಬಂದ ಮಾತು ನಿಮಗೆ ಚೆನ್ನಾಗಿ ನೆನಪಿದೆ, ಕಳೆದ ತಿಂಗಳು ನೀವೇ ಹೇಳಿದಿರಿ.

"ಸ್ವಲ್ಪ ಬೇಗ ಕರ್ಕೊಂಡ್ ಬಂದಿದ್ರೆ ಚೆನ್ನಾಗಿತ್ತು."

ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು. ಬಾಯಿಗೆ ತಾನಾಗಿ ಬರುತ್ತದೆ. ನೀವು ಚೀಟಿ ಬಿಚ್ಚಿ ಓದಿದಿರಿ — ಎರಡು ವಾರದೊಳಗೆ, ಗೆರೆ ಎಳೆದದ್ದು. ನಿಮ್ಮ ಮುಖ ನೋಡಿದೆ. ಒಬ್ಬರ ಮುಖದಿಂದ ರಕ್ತ ಹಾಗೆ ಇಳಿದುಹೋಗುವುದನ್ನು ಅದಕ್ಕೆ ಮೊದಲು ನೋಡಿರಲಿಲ್ಲ. "ಮನೇಲಿ ನಾನೊಬ್ಳೇ ಓದಿರೋಳು, ಈ ಚೀಟೀನ ಒಂದ್ಸಲ ತೆಗ್ದು ನೋಡ್ಲಿಲ್ವಲ್ಲ ನಾನು," ಎಂದಿರಿ. ಕುರ್ಚಿಯಲ್ಲಿದ್ದ ನಿಮ್ಮ ತಂದೆ ಏನೋ ಹೇಳಲು ಹೊರಟರು, ತೊದಲಿತು, ನಿಮಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಗಿತ್ತು.

ಆಪರೇಷನ್ನಿನಲ್ಲಿ ನಾಲಿಗೆಯ ಬಹುಪಾಲು ಹೋಯಿತು, ದವಡೆಯ ಒಂದು ಭಾಗ ಹೋಯಿತು. ಮೊದಲೇ ಗೊತ್ತಾಗಿದ್ದರೆ ಅವರು ಬದುಕಿ ಉಳಿಯುತ್ತಿದ್ದರೇ, ನನಗೆ ಗೊತ್ತಿಲ್ಲ. ಈ ರೋಗದಲ್ಲಿ ಹಾಗೆ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಮೊದಲ ದಿನ ಹುಣ್ಣು ಎಷ್ಟಿತ್ತು ಎಂಬುದು ಗೊತ್ತು. ಅಂಚಿನಿಂದ ಒಂದಿಷ್ಟು ತೆಗೆದು ಹೊಲಿದಿದ್ದರೆ, ಸ್ವಲ್ಪ ತೊದಲಿಕೊಂಡಾದರೂ ಅವರು ಮತ್ತೆ ಸೀರೆ ಮಾರುತ್ತಿದ್ದರು. ಅದು ಖಚಿತ.

ಐದನೆಯ ದಿನ ವಾರ್ಡಿಗೆ ಹೋದೆ. ಬೆಳಿಗ್ಗೆ ಹನ್ನೊಂದರ ಸಮಯ. ನೀವು ಗಂಜಿ ತರಲು ಕೆಳಗೆ ಹೋಗಿದ್ದಿರಿ. ಮಾತಾಡಲಾಗದವರಿಗೆಂದು ನೀವು ತಂದುಕೊಟ್ಟಿದ್ದ ಸ್ಲೇಟು ಅವರ ಎದೆಯ ಮೇಲಿತ್ತು. ನನ್ನನ್ನು ನೋಡಿದೊಡನೆ ಬಳಪ ಹಿಡಿದರು. ನಿಧಾನವಾಗಿ, ದುಂಡಗೆ ಬರೆದು ನನ್ನ ಕಡೆ ತಿರುಗಿಸಿದರು.

"ನೀವು ಅವಸರ ಇಲ್ಲ ಅಂದ್ರಿ. ನಮ್ಮ ಸುಜಿಗೆ ಹೇಳಿ. ಅಳ್ತಾಳೆ."

ಬೈಗುಳ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅವರಿಗೆ ನನ್ನನ್ನು ಸಿಕ್ಕಿಹಾಕಿಸುವ ಯೋಚನೆಯೇ ಇರಲಿಲ್ಲ; ವೈದ್ಯರಿಗೂ ಅಂದಾಜು ತಪ್ಪುತ್ತದೆ ಎಂದು ಅವರು ತಿಳಿದಿದ್ದರು. ಮಗಳ ಅಳು ನಿಲ್ಲಬೇಕು, ಅಷ್ಟೇ ಅವರಿಗೆ ಬೇಕಾದದ್ದು. "ಹೇಳ್ತೀನಿ," ಎಂದೆ. ಮೆಟ್ಟಿಲ ಮೇಲೆ ನಿಮ್ಮ ಚಪ್ಪಲಿಯ ಸದ್ದು ಕೇಳಿಸಿತು. ನಾನು ಸ್ಲೇಟು ತೆಗೆದುಕೊಂಡು ಕೋಟಿನ ತೋಳಿನಿಂದ ಒರೆಸಿಬಿಟ್ಟೆ.

ಒರೆಸಿದ್ದನ್ನು ಅವರು ನೋಡಿದರು. ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡರು. ನೀವು ಒಳಗೆ ಬಂದು, "ಏನು ಬರೀತಿದ್ರು ಮೇಡಂ?" ಎಂದು ಕೇಳಿದಿರಿ. "ನೋವು ಕಡಿಮೆ ಇದೆಯಂತೆ," ಎಂದೆ.

ಸುಜಾತಾ, ತುಣುಕು ಬದಲಾಯಿಸಿದ್ದು ದುರಾಸೆ. ಕರೆಯದೆ ಉಳಿದದ್ದು ಹೇಡಿತನ. ಈ ಸ್ಲೇಟು ಒರೆಸಿದ್ದಕ್ಕೆ ಹೆಸರು ಹುಡುಕಿದ್ದೇನೆ, ಸಿಕ್ಕಿಲ್ಲ. ನಾಲಿಗೆ ಹೋದ ಮನುಷ್ಯನ ಮಾತನ್ನು ನಾನು ಅಳಿಸಿದೆ. ನಮ್ಮ ಮನೆಯಲ್ಲಿ ಭಾನುವಾರ ಬುದ್ಧವಂದನೆಗೆ ಎಲ್ಲರೂ ಕೂರುತ್ತೇವೆ, ಐದು ಶೀಲಗಳನ್ನು ಅಪ್ಪನ ಜೊತೆ ಹೇಳುತ್ತೇವೆ. ನಾಲ್ಕನೆಯದು ಸುಳ್ಳಾಡುವುದಿಲ್ಲ ಎಂಬುದು. ಆ ವಾರದಿಂದ ಅದು ಬಂದಾಗ ನಾನು ಕೆಮ್ಮುತ್ತೇನೆ, ಇಲ್ಲ ಅಗರಬತ್ತಿ ಸರಿಪಡಿಸುತ್ತೇನೆ. ಅಪ್ಪ ಒಮ್ಮೆಯೂ ಕೇಳಿಲ್ಲ.

ಎರಡು ವರ್ಷಕ್ಕೆ ಅವರು ಹೋದರು. ನನಗೆ ಎರಡೂ ಪದವಿ ಬಂತು. ಪ್ರಬಂಧದ ಮೊದಲ ಪುಟದಲ್ಲಿ ಹೆಸರು ಹೇಳಲಾಗದ ರೋಗಿಗಳಿಗೆ ಕೃತಜ್ಞತೆ ಎಂದು ಬರೆದೆ. ಆ ಕೋಶಗಳು ಇನ್ನೂ ಬದುಕಿವೆ, ಅದನ್ನೂ ನೀವು ತಿಳಿದಿರಬೇಕು — ಸಂಖ್ಯೆ ಬರೆದ ಸಣ್ಣ ಸೀಸೆಗಳಲ್ಲಿ, ಅತಿ ತಣ್ಣನೆಯ ಪೆಟ್ಟಿಗೆಯಲ್ಲಿ. ಅವು ನನಗೆ ಕೊಟ್ಟದ್ದಲ್ಲ, ನಾನು ಕದ್ದದ್ದು. ಇಟ್ಟುಕೊಳ್ಳಬೇಕೋ ನಾಶ ಮಾಡಬೇಕೋ ಎಂದು ಹೇಳುವ ಅಧಿಕಾರ ನಿಮ್ಮ ಮನೆಯವರದು. ಈಗ ನಾನೇ ಜಂಟಿ ತರಬೇತಿಯ ಹೊಸ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊದಲ ತುಣುಕು ರೋಗಿಗೆ, ಎಂದು ಪ್ರತಿ ವರ್ಷ ಹೇಳುತ್ತೇನೆ. ತಡವರಿಸದೆ ಹೇಳುವಷ್ಟು ಅಭ್ಯಾಸವಾಗಿದೆ.

ಕಳೆದ ತಿಂಗಳು ಗಾಂಧಿ ಬಜಾರಿನಲ್ಲಿ ಹೂವಿನವಳ ಹತ್ತಿರ ನೀವೇ ನನ್ನನ್ನು ಗುರುತಿಸಿದಿರಿ. ನಾನು ತಪ್ಪಿಸಿಕೊಳ್ಳಲು ನೋಡಿದ್ದೆ. ಕೂದಲು ಅರ್ಧ ಬೆಳ್ಳಗಾಗಿದೆ ನಿಮಗೆ. ನಿಮ್ಮ ಅಣ್ಣ ಇವತ್ತಿಗೂ ಮಾತಾಡುವುದಿಲ್ಲ ಎಂದಿರಿ. ಓದಿದವಳು ಇದ್ದೂ ಅಪ್ಪನ ಚೀಟಿ ನೋಡಲಿಲ್ಲವಲ್ಲ ಎಂದು ತಿಥಿಯ ದಿನ ಎಲ್ಲರ ಎದುರಿಗೆ ಕೇಳಿದರಂತೆ. ಆಮೇಲೆ ನೀವು, ಹೂವಿನ ಪೊಟ್ಟಣ ಕೈಯಲ್ಲಿ ಹಿಡಿದು, ಬಹಳ ಸಮಾಧಾನವಾಗಿ ಹೇಳಿದಿರಿ:

"ಅಪ್ಪ ಕೊನೆವರೆಗೂ ಸ್ಲೇಟಲ್ಲಿ ಬರೀತಾನೇ ಇದ್ರು ಮೇಡಂ. ಡಾಕ್ಟ್ರಮ್ಮನೇ ಅವಸರ ಇಲ್ಲ ಅಂದಿದ್ರು, ನಿಂದೇನೂ ತಪ್ಪಿಲ್ಲ ಅಂತ. ನನ್ ಸಮಾಧಾನಕ್ಕೆ ಸುಳ್ಳು ಬರೀತಿದಾರೆ ಅಂತ ಗೊತ್ತಿತ್ತು ನಂಗೆ. ನೀವು ಅಷ್ಟು ಸ್ಪಷ್ಟವಾಗಿ ಬರ್ದು ಗೆರೆ ಬೇರೆ ಎಳ್ದಿದ್ರಲ್ಲ. ಒಂದ್ಸಲ ರೇಗಿಬಿಟ್ಟೆ. ಸುಳ್ಳು ಹೇಳ್ಬೇಡಪ್ಪ, ಸಾಕು, ಅಂದೆ. ಆಮೇಲೆ ಬರೀಲಿಲ್ಲ."

ನಾನು ಏನು ಹೇಳಿದೆ ಗೊತ್ತೇ? "ಹಾಗೆಲ್ಲ ಮನಸ್ಸಿಗೆ ಹಚ್ಕೋಬೇಡಿ," ಎಂದೆ. ಆಟೋ ಹತ್ತಿ ಹೊರಟುಹೋದೆ. ರಾಮಕೃಷ್ಣ ಆಶ್ರಮದ ಸರ್ಕಲ್ ದಾಟುವಷ್ಟರಲ್ಲಿ ಆಟೋದವರಿಗೆ ನಿಲ್ಲಿಸಲು ಹೇಳಿ ಇಳಿದು, ಒಂದು ಮರ ಹಿಡಿದುಕೊಂಡು ನಿಂತೆ. "ಯಾಕಕ್ಕ, ಹುಷಾರಿಲ್ವಾ?" ಎಂದು ಅವರು ನೀರಿನ ಬಾಟಲಿ ಕೊಟ್ಟರು. ಕುಡಿದೆ. ವಾಪಸು ಹೋಗಿದ್ದರೆ ನೀವು ಇನ್ನೂ ಅಲ್ಲೇ ಇರುತ್ತಿದ್ದಿರಿ. ಹೋಗಲಿಲ್ಲ.

ಇಷ್ಟು ದಿನ ನಾನು ಮುಚ್ಚಿಟ್ಟದ್ದು ನನ್ನ ತಪ್ಪನ್ನು ಮಾತ್ರ ಎಂದುಕೊಂಡಿದ್ದೆ. ನಿಮ್ಮ ತಂದೆ ನಿಜ ಬರೆದರು, ಸುಜಾತಾ. ಪ್ರತಿ ಸಲವೂ ನಿಜವನ್ನೇ ಬರೆದರು. ಅವರನ್ನು ಸ್ವಂತ ಮಗಳ ಕಣ್ಣಲ್ಲಿ ಸುಳ್ಳುಗಾರರನ್ನಾಗಿ ಮಾಡಿದ್ದು ನನ್ನ ಆ ಗೆರೆ, ನನ್ನ ಆ ತೋಳು, ನನ್ನ ಬಾಯಿ.

ಸೋಮವಾರ ಇದೆಲ್ಲವನ್ನೂ ಬರೆದು ನಮ್ಮ ಸಂಸ್ಥೆಯ ನೈತಿಕ ಸಮಿತಿಗೆ ಕೊಟ್ಟೆ. ಮಾರ್ಗದರ್ಶಕರಿಗೆ ಈಗ ವಯಸ್ಸಾಗಿದೆ, ಅವರಿಗೂ ಒಂದು ಪ್ರತಿ ಕೊಟ್ಟೆ; ಓದಿ, "ಇಷ್ಟು ವರ್ಷ ಆದ್ಮೇಲೆ ಯಾಕಮ್ಮ?" ಎಂದರು. ಇದು ಮೊದಲೇ ಆಗಬೇಕಿದ್ದ ಕೆಲಸ. ಪದವಿ ಉಳಿಯುತ್ತದೋ ಇಲ್ಲವೋ, ಕೆಲಸ ಇರುತ್ತದೋ ಇಲ್ಲವೋ ತಿಳಿಯದು. ಮನೆಯಲ್ಲಿ ಅಪ್ಪನಿಗೂ ಹೇಳಿದೆ. ಅವರು ಎದ್ದು ಒಳಗೆ ಹೋದರು, ಇನ್ನೂ ನನ್ನೊಡನೆ ಸರಿಯಾಗಿ ಮಾತಾಡಿಲ್ಲ. ನೀವು ದೂರು ಕೊಡುವುದಾದರೆ ಕೊಡಿ. ಅದಕ್ಕೆ ಬೇಕಾದ ದಾಖಲೆಗಳ ಪ್ರತಿ ಈ ಕಾಗದದ ಜೊತೆ ಇಟ್ಟಿದ್ದೇನೆ. ಕ್ಷಮಿಸಿ ಎಂದು ಕೇಳುತ್ತಿಲ್ಲ. ಕೇಳಿದರೆ ಅದೂ ನಿಮ್ಮ ಮೇಲೆ ಹೊರಿಸಿದ ಹಾಗೆ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಶಂಕರಪುರಂನ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮ ತಾಯಿಯವರನ್ನು ಕೂರಿಸಿ. ಅಣ್ಣನನ್ನು ಕರೆಸಿ, ನೀವು ಕರೆದರೆ ಬರುವುದಿಲ್ಲ ಎಂದಾದರೆ ನಂಬರು ಕೊಡಿ, ನಾನೇ ಕರೆಯುತ್ತೇನೆ. ತಿಥಿಯ ದಿನ ನಿಮ್ಮನ್ನು ಕೇಳಿದ ಪ್ರಶ್ನೆಯನ್ನು ಅವರು ಎಲ್ಲರ ಎದುರಿಗೆ ನನ್ನನ್ನು ಕೇಳಲಿ. ಉತ್ತರ ಹೇಳುತ್ತೇನೆ, ಅವರು ಎಷ್ಟು ಸಲ ಕೇಳಿದರೂ ಹೇಳುತ್ತೇನೆ, ಆಮೇಲೆ ಎದ್ದು ಬರುತ್ತೇನೆ. ಮನೆಗೆ ಬಂದವರನ್ನು ನೀವು ಏನೂ ಕೊಡದೆ ಕಳಿಸುವವರಲ್ಲ ಎಂದು ಗೊತ್ತು. ಅವತ್ತು ಮಾತ್ರ ದಯವಿಟ್ಟು ನನಗೆ ಕಾಫಿ ಮಾಡಬೇಡಿ.